ಕುಶಲಕರ್ಮಿಗಳ ಅಂಗಳದಲ್ಲಿ ಒಂದು ಸಂಜೆ

ಸರ್ಕಾರಿ ಕೆಲಸದ ಮೇಲೆ ಜರ್ಮನಿಗೆ ಹೋಗಿದ್ದಾಗ ನ್ಯೂರೆಂಬರ್ಗ್ ನಗರದಲ್ಲಿ ಒಂದು ಸಂಜೆಯ ಬಿಡುವು ದೊರೆಯಿತು. ರೈಲು ನಿಲ್ದಾಣದ ಎದುರಿಗೇ ಕೋಟೆಯ ದುಂಡು ಗೋಪುರ. ಅದರ ಮಗ್ಗುಲಲ್ಲಿ, ಕೋಟೆಗೋಡೆಯ ಒಳಗೆ ‘ಹಾಂಡ್‌ವೆರ್ಕರ್‌ಹೋಫ್’, ಅಂದರೆ ಕುಶಲಕರ್ಮಿಗಳ ಅಂಗಳ. ಮರದ ಚೌಕಟ್ಟಿನ ಪುಟ್ಟ ಮನೆಗಳು, ತವರದ ಬೊಂಬೆಗಳು, ಚರ್ಮದ ಚೀಲಗಳು, ಗಾಜಿನ ಸಾಮಾನು, ಸಾಸೇಜು ಸುಡುವ ಹೊಗೆ. ಮಧ್ಯಯುಗಕ್ಕೇ ಕಾಲಿಟ್ಟೆನೆಂದು ಭ್ರಮಿಸಿದೆ. ವಾಸ್ತವವಾಗಿ ಈ ಅಂಗಳಕ್ಕೆ ಹೆಚ್ಚುಕಡಿಮೆ ನನ್ನದೇ ವಯಸ್ಸು! ಈ ಊರಿನ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್‌ನ ಐನೂರನೆಯ ಜನ್ಮವರ್ಷವಾದ 1971ರ ಉತ್ಸವಕ್ಕೆಂದು ಕಟ್ಟಿದ್ದು. ಉತ್ಸವ ಮುಗಿದ ಮೇಲೆ ತೆಗೆಯಬೇಕಾಗಿದ್ದುದು ಜನ ಮೆಚ್ಚಿದ್ದರಿಂದ ಉಳಿಯಿತು. 1945ರ ಜನವರಿ 2ರ ಬಾಂಬು ದಾಳಿಯಲ್ಲಿ ಹಳೆಯ ನಗರದ ಬಹುಭಾಗವೇ ನೆಲಸಮವಾಗಿತ್ತು.

ಇದೆಲ್ಲ ತೋರಿಕೆಯೆಂದು ಮೂಗು ಮುರಿಯುವುದು ಸುಲಭ. ನಾನೂ ಮುರಿದೆ. ಆದರೆ ಆ ದೇಶದ ಕಸುಬುಗಳ ಬದುಕು ಈ ಅಂಗಳವನ್ನು ನೆಚ್ಚಿಕೊಂಡಿಲ್ಲ. ಅಲ್ಲಿ ಅನೇಕ ಕಸುಬುಗಳಲ್ಲಿ ಸ್ವಂತ ಕಾರ್ಯಾಗಾರ ನಡೆಸಲು ‘ಮೈಸ್ಟರ್’ ಪದವಿ, ಅಂದರೆ ಗುರುಪಟ್ಟ, ಬೇಕು. 2004ರಲ್ಲಿ 53 ಕಸುಬುಗಳಿಗೆ ಈ ನಿರ್ಬಂಧವನ್ನು ಸಡಿಲಿಸಿದರು. ಶಿಷ್ಯರ ತರಬೇತಿ ಕುಗ್ಗಿತೆಂಬ ಕಾರಣವನ್ನೂ ನೀಡಿ 2020ರಲ್ಲಿ 12 ಕಸುಬುಗಳಿಗೆ ಮತ್ತೆ ವಿಧಿಸಿದರು. ನಿಯಮ ಸಡಿಲಿಸಿದ ಸರ್ಕಾರವೇ ಅದನ್ನು ಮರಳಿ ಬಿಗಿಗೊಳಿಸುವುದು ಎಷ್ಟು ಅಪರೂಪವೆಂಬುದು ಕಡತಗಳ ನಡುವೆ ಕೂದಲು ನರೆತ ನನಗೆ ಗೊತ್ತು. ಮರ ಕಡೆದು ಆಟಿಕೆ ಮಾಡುವವರ ಕಸುಬೂ ಆ ಹನ್ನೆರಡರಲ್ಲಿ ಒಂದು.

ಅದು ತಿಳಿದಾಗ ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಗಳು ನೆನಪಾದವು. ಪ್ರತಿ ನವೆಂಬರಿನಲ್ಲಿ ಅವನ್ನು ನಮ್ಮ ಸಂಘದ ವೇದಿಕೆಯ ಮೇಲೆ ಜೋಡಿಸುತ್ತೇವೆ, ಮಕ್ಕಳಿಗೆ ಇಳಕಲ್ ಸೀರೆ ಉಡಿಸಿ ಕೋಲಾಟ ಆಡಿಸುತ್ತೇವೆ. ಮರುದಿನ ಆ ಮಕ್ಕಳು ತಮ್ಮತಮ್ಮಲ್ಲಿ ಮಾತನಾಡುವುದು ಮರಾಠಿಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಅಂಗಳವನ್ನು ನಾವೂ ಕಟ್ಟಿದ್ದೇವೆ. ಶಿಷ್ಯರನ್ನು ತಯಾರಿಸುವ ಏರ್ಪಾಡು ಮಾತ್ರ ನಮ್ಮಲ್ಲಿಲ್ಲ. ಕಳೆದ ಆಯವ್ಯಯ ಸಭೆಯಲ್ಲಿ ವೇದಿಕೆಯ ಅಲಂಕಾರಕ್ಕೆ ಹಣ ಮಂಜೂರಾಯಿತು. ಭಾನುವಾರದ ಕನ್ನಡ ತರಗತಿಯ ವಿಷಯವನ್ನು ‘ಮುಂದೆ ನೋಡೋಣ’ ಎಂದು ಬದಿಗಿಟ್ಟೆವು. ಆ ನಡಾವಳಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಯಾರನ್ನು ದೂರಲಿ?

ತರಗತಿಗೆ ಬೇಕಾದುದು ಒಂದು ಕೋಣೆ, ಒಬ್ಬ ಉಪಾಧ್ಯಾಯರು, ಅವರಿಗೆ ಮರ್ಯಾದೆಯ ಸಂಭಾವನೆ. ಬೀಳ್ಕೊಡುಗೆಯ ಶಾಲು-ಹಾರದಲ್ಲಿ ಮುಗಿಸುವ ಸಂಭಾವನೆಯಲ್ಲ. ಮುಂದಿನ ಸಭೆ ಮಾರ್ಚಿನಲ್ಲಿದೆ. ಈ ಸಲ ಆ ಬಾಬನ್ನೇ ಪಟ್ಟಿಯಲ್ಲಿ ಮೊದಲು ಬರೆದುಕೊಂಡು ಹೋಗುತ್ತೇನೆ.