ಕಿವುಡು ಅನ್ನುವ ಮೊದಲು ಕಿವಿಯೊಳಗೆ ಒಮ್ಮೆ ನೋಡಿ

ಸುಮಾರು ಎರಡು ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಅಪ್ಪನ ಜೊತೆ ಕೂಗಿಯೇ ಮಾತಾಡುತ್ತಿದ್ದೆವು. ಟಿವಿ ಸೌಂಡು ಬೀದಿ ಕೊನೆಗೆ ಕೇಳುತ್ತಿತ್ತು. ನಾನು ಫೋನ್ ಮಾಡಿದರೆ ಎರಡು ಸಲ 'ಹಲೋ' ಅಂದು ಅಮ್ಮನ ಕೈಗೆ ಕೊಟ್ಟುಬಿಡುತ್ತಿದ್ದರು. ಸಂಜೆ ಹೊತ್ತು ಅರಳಿಕಟ್ಟೆಗೆ ಹೋಗಿ ಕೂರುವುದನ್ನೂ ನಿಲ್ಲಿಸಿದರು. ಯಾಕೆ ಅಂತ ಕೇಳಿದ್ದಕ್ಕೆ, "ಅವರು ಏನೋ ಕೇಳ್ತಾರೆ, ನಾನು ಇನ್ನೇನೋ ಹೇಳ್ತೀನಿ, ನಗ್ತಾರೆ" ಅಂದರು. ಅಮ್ಮ ಆಗಲೇ ತೀರ್ಪು ಕೊಟ್ಟಾಗಿತ್ತು: "ನಿಮ್ಮಪ್ಪಂಗೆ ವಯಸ್ಸಾಯ್ತು ಕಣೋ, ಕಿವಿ ಹೋಯ್ತು."

ಊರಿನ ಚರಂಡಿ, ಬೋರ್‌ವೆಲ್, ಬಸ್ಸಿನ ಬಗ್ಗೆ ಸುದ್ದಿ ಬರೆಯುವ ನಾನೂ ಆ ತೀರ್ಪನ್ನು ಪ್ರಶ್ನೆ ಮಾಡಲಿಲ್ಲ. ಹಿಯರಿಂಗ್ ಮಿಷನ್ ಎಷ್ಟಾಗುತ್ತದೆ ಎಂದು ವಿಚಾರಿಸಲು ಶುರುಮಾಡಿದ್ದೆ.

ಒಂದು ದಿನ ಆರೋಗ್ಯ ಶಿಬಿರದ ಸುದ್ದಿ ಮಾಡಲು ಹೋಗುವಾಗ ಅಪ್ಪನನ್ನೂ ಬೈಕಿನಲ್ಲಿ ಕರೆದುಕೊಂಡು ಹೋದೆ. ಕಿವಿ ಡಾಕ್ಟರು ಸಣ್ಣ ಟಾರ್ಚಿನಂಥ ಉಪಕರಣ ಹಿಡಿದು ಎರಡೂ ಕಿವಿ ನೋಡಿದರು. "ಯಜಮಾನ್ರೇ, ಕಿವಿಗೆ ಏನು ಹಾಕ್ಕೊಳ್ತೀರಿ?" ಅಂತ ಜೋರಾಗಿ ಕೇಳಿದರು. ಅಪ್ಪ, "ಬೆಂಕಿಕಡ್ಡಿ ಸಾರ್. ಅದೂ ಮದ್ದಿರೋ ಕಡೆಯಿಂದಲ್ಲ, ಹಿಂದಿನ ಕಡೆಯಿಂದ" ಅಂದರು. ಡಾಕ್ಟರು ನಕ್ಕು, ಐದು ದಿನ ಹಾಕಲು ಡ್ರಾಪ್ಸ್ ಬರೆದುಕೊಟ್ಟು ಆಮೇಲೆ ಆಸ್ಪತ್ರೆಗೆ ಬರಲು ಹೇಳಿದರು. ಅಲ್ಲಿ ಎರಡೂ ಕಿವಿಯಿಂದ ಕಡ್ಲೆಕಾಯಿ ಬೀಜದ ಗಾತ್ರದ ಗುಗ್ಗೆ ಹೊರಬಂತು. ಕೆಲಸ ಹದಿನೈದು ನಿಮಿಷದ್ದು.

ವಾಪಸ್ ಬರುವಾಗ ದಾರಿ ಮಧ್ಯೆ ಅಪ್ಪ ನನ್ನ ಹೆಗಲು ತಟ್ಟಿ, "ನಿನ್ನ ಗಾಡಿ ಯಾಕೋ ಇಷ್ಟು ಸದ್ದು ಮಾಡ್ತೈತೆ, ಸೈಲೆನ್ಸರ್ ಹೋಗೈತಾ ನೋಡ್ಸು" ಅಂದರು. ಸೈಲೆನ್ಸರ್‌ಗೆ ಏನೂ ಆಗಿರಲಿಲ್ಲ. ಎರಡು ವರ್ಷ ಅಪ್ಪನನ್ನು ಕಿವುಡರ ಪಟ್ಟಿಗೆ ಸೇರಿಸಿದ್ದ ನಾಚಿಕೆಯಿಂದ ನಾನು ಮಾತಾಡಲಿಲ್ಲ.

ಅದಕ್ಕೇ ಈ ಬರಹ. ನನ್ನ ವಾದ ಇಷ್ಟೇ. ಕಿವಿಯ ಗುಗ್ಗೆ ಸಣ್ಣ ವಿಷಯ ಅಂತ ನಾವೂ ಬಿಟ್ಟಿದ್ದೇವೆ, ಆರೋಗ್ಯ ಇಲಾಖೆಯೂ ಬಿಟ್ಟಿದೆ. ಹಾಗೆ ಬಿಟ್ಟಿದ್ದರಿಂದ ಒಂದು ಕಡೆ ಜನ ಕಡ್ಡಿ ಹಾಕಿಕೊಂಡು ಕಿವಿ ಕೆಡಿಸಿಕೊಳ್ಳುತ್ತಿದ್ದಾರೆ, ಇನ್ನೊಂದು ಕಡೆ ಕೇಳಿಸಬಹುದಾದ ಕಿವಿಗಳನ್ನು ಕಿವುಡು ಅಂತ ಮೂಲೆಗೆ ತಳ್ಳುತ್ತಿದ್ದೇವೆ.

ಮೊದಲು ಗುಗ್ಗೆ ಕೊಳೆ ಅನ್ನುವ ತಪ್ಪು ತಿಳಿವಳಿಕೆ ಹೋಗಬೇಕು. ಅದು ಬೆವರಿನ ಹಾಗೆ, ಕಣ್ಣೀರಿನ ಹಾಗೆ ದೇಹವೇ ಮಾಡಿಕೊಳ್ಳುವ ವಸ್ತು. ದೊಡ್ಡವರ ಕಿವಿ ಓಣಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಅದರ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಗುಗ್ಗೆ ತಯಾರಾಗುತ್ತದೆ. ಧೂಳನ್ನು ಅಂಟಿಸಿಕೊಳ್ಳುವುದು, ಓಣಿಯ ಚರ್ಮ ಒಣಗದಂತೆ ನೋಡಿಕೊಳ್ಳುವುದು, ಬೂಷ್ಟು ಮತ್ತು ಸೋಂಕು ತಡೆಯುವುದು ಅದರ ಕೆಲಸ. ಓಣಿಯ ಚರ್ಮ ತಮಟೆಯ ಕಡೆಯಿಂದ ಹೊರಗಡೆಗೆ ನಿಧಾನವಾಗಿ ಸರಿಯುತ್ತಾ ಬರುತ್ತದೆ, ಜೊತೆಗೆ ಗುಗ್ಗೆಯನ್ನೂ ತರುತ್ತದೆ. ನಾವು ಊಟ ಮಾಡುವಾಗ, ಮಾತಾಡುವಾಗ ದವಡೆ ಆಡುವುದೂ ಅದಕ್ಕೆ ಸಹಾಯ. ಹಳೆ ಗುಗ್ಗೆ ತಾನಾಗಿಯೇ ಉದುರಿ ಹೋಗುತ್ತದೆ.

ಹಾಗಾದರೆ ಒಳಗೆ ಗುಗ್ಗೆ ಕಟ್ಟಿಕೊಳ್ಳುವುದು ಯಾಕೆ? ಬಹಳ ಸಲ ನಾವೇ ತಳ್ಳಿರುತ್ತೇವೆ. ಬಂದೂಕಿಗೆ ಮದ್ದು ಗಿಡಿದ ಹಾಗೆ ಬಡ್ಸ್, ಪಿನ್ನು, ಕಡ್ಡಿ ಗುಗ್ಗೆಯನ್ನು ಒಳಗೆ ಗಿಡಿಯುತ್ತವೆ. ಹತ್ತಿಗೆ ಅಂಟಿಕೊಂಡು ಬಂದ ಸ್ವಲ್ಪವನ್ನು ನೋಡಿ ಸ್ವಚ್ಛವಾಯಿತು ಅಂದುಕೊಳ್ಳುತ್ತೇವೆ, ಉಳಿದದ್ದು ತಮಟೆಯ ಹತ್ತಿರ ಹೋಗಿ ಕೂತಿರುತ್ತದೆ. ಬಡ್ಸ್ ಪೊಟ್ಟಣಗಳ ಮೇಲೆಯೇ ಕಿವಿ ಓಣಿಯೊಳಗೆ ಹಾಕಬೇಡಿ ಎಂದು ಅಚ್ಚಾಗಿರುತ್ತದೆ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ವಯಸ್ಸಾದವರಲ್ಲಿ ಗುಗ್ಗೆ ಒಣಗಿ ಗಟ್ಟಿಯಾಗುವುದೂ ಒಂದು ಕಾರಣ. ಹಿಯರಿಂಗ್ ಮಿಷನ್ ಹಾಕುವವರಿಗೆ, ಹುಟ್ಟಿನಿಂದಲೇ ಓಣಿ ಸಣ್ಣದಿರುವವರಿಗೆ ಬೇಗ ಕಟ್ಟಿಕೊಳ್ಳುತ್ತದೆ.

ನಮ್ಮ ಕಡೆ ಕಿವಿಗೆ ಹೋಗದ ವಸ್ತುವೇ ಇಲ್ಲ. ಸೇಫ್ಟಿ ಪಿನ್ನು, ಹೇರ್‌ಪಿನ್ನು, ಬೈಕಿನ ಕೀ, ಪೊರಕೆ ಕಡ್ಡಿ, ಪೆನ್ನಿನ ಕ್ಯಾಪು, ಕೋಳಿ ಪುಕ್ಕ. ಬಾಣಂತನದ ಮನೆಯಲ್ಲಿ ಎಳೆಕೂಸಿನ ಕಿವಿಗೆ ಎಣ್ಣೆ ಬಿಟ್ಟು ಊದುವುದೂ ಉಂಟು. ನೋವಾದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಅದು ಸ್ವಲ್ಪ ಜಾಸ್ತಿ ಬಿಸಿಯಿದ್ದರೂ ಓಣಿಯ ತೆಳು ಚರ್ಮ ಸುಡುತ್ತದೆ. ಈಗ ಹೊಸದಾಗಿ ಮೊಬೈಲಿನಲ್ಲಿ ಕ್ಯಾಮೆರಾ ಇರುವ ಕಿವಿಕಡ್ಡಿಯ ಜಾಹೀರಾತು ಬರುತ್ತಿದೆ. ಒಳಗಿನದು ಫೋನಿನಲ್ಲಿ ಕಂಡರೂ ಕೈ ನಡುಗುವುದು ನಿಲ್ಲುವುದಿಲ್ಲ, ಪಕ್ಕದಲ್ಲಿ ಮಗು ಬಂದು ಮೊಣಕೈ ತಾಗಿಸುವುದೂ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಂತೂ ಕಿವಿ ಗೀರಿಕೊಳ್ಳಲೇಬಾರದು. ಅವರಲ್ಲಿ ಕಿವಿಯ ಸೋಂಕು ಮೂಳೆವರೆಗೆ ಇಳಿದರೆ ಪ್ರಾಣಕ್ಕೆ ಕುತ್ತು.

ಸಂತೆ, ಜಾತ್ರೆಗಳಲ್ಲಿ ಕಿವಿ ಕ್ಲೀನ್ ಮಾಡುವವರ ಬಗ್ಗೆಯೂ ಹೇಳಬೇಕು. ಒಬ್ಬರಿಗೆ ಹಾಕಿದ ಸಲಾಕೆಯನ್ನು ಬಟ್ಟೆಗೆ ಒರೆಸಿ ಇನ್ನೊಬ್ಬರಿಗೆ ಹಾಕುತ್ತಾರೆ. ತಮಟೆಗೆ ತಾಗಿದರೆ ಜವಾಬ್ದಾರಿ ಯಾರದ್ದೂ ಅಲ್ಲ. ಹೋಗಬೇಡಿ ಎಂದೇ ನಾನು ಹೇಳುತ್ತೇನೆ. ಆದರೆ ಅವರನ್ನು ಬೈದು ಮುಗಿಸಲು ನನಗೆ ಮನಸ್ಸಿಲ್ಲ. ಜನ ಅವರ ಮುಂದೆ ಕೂರುವುದು ದಡ್ಡತನದಿಂದಲ್ಲ. ಕಿವಿ ಕಟ್ಟಿದೆ, ಮಾತು ಕೇಳಿಸುತ್ತಿಲ್ಲ, ಊರಿನ ಸುತ್ತ ಕಿವಿಯೊಳಗೆ ಇಣುಕಿ ನೋಡುವ ಬೇರೆ ಯಾರೂ ಇಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ಬಸ್‌ ಚಾರ್ಜು ಹೋಯಿತು. ಅಲ್ಲಿ ಕಿವಿ ಡಾಕ್ಟರು ಇವತ್ತು ಬರುವುದಿಲ್ಲ ಅಂದರೆ ಮತ್ತೊಂದು ದಿನ.

ಆದ್ದರಿಂದ 'ಕಿವಿಗೆ ಏನೂ ಹಾಕಬೇಡಿ, ಡಾಕ್ಟರ ಹತ್ತಿರ ಹೋಗಿ' ಎಂದು ಹೇಳಿ ಕೈತೊಳೆದುಕೊಳ್ಳುವ ಉಪದೇಶ ಹಳ್ಳಿಗೆ ಸಾಲದು. ಮನೆಯಲ್ಲಿ ಏನು ಮಾಡಬಹುದು ಅನ್ನುವುದನ್ನೂ ಹೇಳಬೇಕು.

ತೊಂದರೆ ಇಲ್ಲದಿದ್ದರೆ ಏನೂ ಮಾಡುವುದು ಬೇಡ. ಸ್ನಾನ ಆದಮೇಲೆ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಹೊರಕಿವಿ ಒರೆಸಿದರೆ ಸಾಕು. ಬೆರಳು ಹೋಗದ ಜಾಗಕ್ಕೆ ಬೇರೇನೂ ಹೋಗಬಾರದು.

ಕಿವಿ ಕಟ್ಟಿದ ಹಾಗಿದ್ದು ಕೇಳಿಸುವುದು ಕಡಿಮೆಯಾಗಿದ್ದರೆ, ನೋವು, ಸೋರಿಕೆ ಇಲ್ಲದಿದ್ದರೆ, ಗುಗ್ಗೆಯನ್ನು ಮೆತ್ತಗೆ ಮಾಡಲು ಪ್ರಯತ್ನಿಸಬಹುದು. ಔಷಧಿ ಅಂಗಡಿಯಲ್ಲಿ ಗುಗ್ಗೆ ಕರಗಿಸುವ ಡ್ರಾಪ್ಸ್ ಸಿಗುತ್ತದೆ, ಅದರ ಮೇಲೆ ಬರೆದಷ್ಟೇ ಹಾಕಬೇಕು. ಇಲ್ಲವೇ ಅಂಗಡಿಯಲ್ಲಿ ಸಿಗುವ ಶುದ್ಧ ಆಲಿವ್ ಅಥವಾ ಬಾದಾಮಿ ಎಣ್ಣೆ ಎರಡು ಮೂರು ಹನಿ, ದಿನಕ್ಕೆ ಮೂರು ನಾಲ್ಕು ಸಲ, ಮೂರರಿಂದ ಐದು ದಿನ. ಒಂದು ಬಗೆಯ ಡ್ರಾಪ್ಸ್ ಇನ್ನೊಂದಕ್ಕಿಂತ ಬಹಳ ಉತ್ತಮ ಎಂದು ಸಂಶೋಧನೆಗಳಲ್ಲಿ ಸಾಬೀತಾಗಿಲ್ಲ, ಹಾಗಾಗಿ ದುಬಾರಿಯದೇ ಬೇಕೆಂದಿಲ್ಲ. ಎಣ್ಣೆಯನ್ನು ಒಲೆ ಮೇಲೆ ಕಾಯಿಸಬೇಡಿ. ಬಾಟಲಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡರೆ ಮೈಯ ಬಿಸಿ ಬರುತ್ತದೆ, ಅಷ್ಟು ಸಾಕು. ತೀರಾ ತಣ್ಣಗಿದ್ದರೂ ತಲೆ ತಿರುಗುತ್ತದೆ.

ಕಟ್ಟಿದ ಕಿವಿ ಮೇಲೆ ಬರುವಂತೆ ಪಕ್ಕಕ್ಕೆ ಮಲಗಿ. ಇನ್ನೊಬ್ಬರು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಮೆಲ್ಲಗೆ ಎಳೆದು ಹನಿ ಹಾಕಲಿ. ಐದು ಹತ್ತು ನಿಮಿಷ ಹಾಗೇ ಮಲಗಿರಿ. ಎದ್ದಾಗ ಹೊರಗೆ ಬಂದದ್ದನ್ನು ಬಟ್ಟೆಯಲ್ಲಿ ಒರೆಸಿ. ಮೊದಲ ಒಂದೆರಡು ದಿನ ಕೇಳಿಸುವುದು ಇನ್ನೂ ಕಡಿಮೆಯಾದ ಹಾಗೆ ಅನಿಸಬಹುದು, ಗುಗ್ಗೆ ಮೆತ್ತಗಾಗಿ ಉಬ್ಬಿಕೊಂಡಿರುತ್ತದೆ. ಆ ಗಾಬರಿಯಲ್ಲಿ ಕಡ್ಡಿ ಹಾಕಲು ಹೋಗಬೇಡಿ. ಗುಗ್ಗೆ ಚೂರುಚೂರಾಗಿ ಉದುರಲು ಎರಡು ವಾರವೂ ಆಗಬಹುದು. ಹಾಗಂತ ದಿನಾ ಎಣ್ಣೆ ಬಿಟ್ಟುಕೊಳ್ಳುವ ಅಭ್ಯಾಸವೂ ಬೇಡ. ಕಿವಿ ಸದಾ ಹಸಿಯಾಗಿದ್ದರೆ ಬೂಷ್ಟು ಹಿಡಿಯುತ್ತದೆ.

ಇಷ್ಟೂ ಎಲ್ಲರಿಗೂ ಅಲ್ಲ. ಕಿವಿ ಸೋರುತ್ತಿದ್ದರೆ, ನೋವು ಅಥವಾ ಜ್ವರವಿದ್ದರೆ, ತಮಟೆಯಲ್ಲಿ ತೂತಿದೆ ಎಂದು ಯಾವಾಗಲಾದರೂ ಡಾಕ್ಟರು ಹೇಳಿದ್ದರೆ, ಕಿವಿ ಆಪರೇಷನ್ ಆಗಿದ್ದರೆ ಒಂದು ಹನಿಯನ್ನೂ ಹಾಕಬಾರದು. ನಮ್ಮ ಕಡೆ ಚಿಕ್ಕಂದಿನಲ್ಲಿ ಕಿವಿ ಸೋರಿದವರು ಬಹಳ ಜನ. ಅವರ ತಮಟೆಯಲ್ಲಿ ತೂತು ಉಳಿದಿರಬಹುದು, ಅವರಿಗೇ ಗೊತ್ತಿರುವುದಿಲ್ಲ. ಅಂಥವರು ಮೊದಲು ತೋರಿಸಿಕೊಳ್ಳಲೇಬೇಕು. ಅದೇ ಕಾರಣಕ್ಕೆ ಮನೆಯಲ್ಲಿ ಸಿರಿಂಜಿನಿಂದ ಕಿವಿಗೆ ನೀರು ಹೊಡೆಯುವ ವಿಡಿಯೊಗಳನ್ನು ನಂಬಬೇಡಿ. ಚಿಕ್ಕ ಮಕ್ಕಳಿಗೆ ಡಾಕ್ಟರು ಹೇಳದೆ ಏನನ್ನೂ ಹಾಕಬೇಡಿ.

ಒಂದು ಎಚ್ಚರಿಕೆ ಮರೆಯಬಾರದು. ನಿನ್ನೆ ಸರಿಯಾಗಿದ್ದ ಕಿವಿ ಇವತ್ತು ಇದ್ದಕ್ಕಿದ್ದಂತೆ ಕೇಳಿಸದಿದ್ದರೆ ಗುಗ್ಗೆ ಅಂದುಕೊಂಡು ಮನೆಯಲ್ಲಿ ಕೂರಬೇಡಿ. ಅದು ಕಿವಿಯ ನರದ ತೊಂದರೆ ಆಗಿರಬಹುದು, ಬೇಗ ಚಿಕಿತ್ಸೆ ಶುರುವಾದಷ್ಟೂ ಒಳ್ಳೆಯದು. ರಕ್ತ ಬಂದರೆ, ತಲೆ ಸುತ್ತಿದರೆ, ಐದು ದಿನ ಹನಿ ಹಾಕಿಯೂ ಗುಣ ಕಾಣದಿದ್ದರೆ ಕೂಲಿ ಹೋದರೂ ಹೋಗಲಿ, ಆಸ್ಪತ್ರೆಗೆ ಹೋಗಿ.

ಇನ್ನು ಇಲಾಖೆಯ ಪಾಲಿನ ಮಾತು. ಕಿವಿ ಮತ್ತು ಮಾತಿನ ತೊಂದರೆಗೆಂದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮ ರಾಜ್ಯದ ಹೆಮ್ಮೆ ಅದು. ಆದರೆ ಗುಗ್ಗೆ ಇದೆಯೋ ಇಲ್ಲವೋ ನೋಡಲು ಯಾರೂ ಮೈಸೂರಿಗೆ ಹೋಗಬೇಕಾಗಿಲ್ಲ. ನಮ್ಮ ಉಪಕೇಂದ್ರಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಬಣ್ಣ ಬಳಿದು ಬೋರ್ಡು ಹಾಕಿದ್ದಾರಲ್ಲ, ಅಲ್ಲಿ ಸಿಗಬೇಕಾದ 12 ಬಗೆಯ ಸೇವೆಗಳಲ್ಲಿ ಕಣ್ಣು, ಕಿವಿ, ಮೂಗು, ಗಂಟಲಿನ ಸಾಮಾನ್ಯ ತೊಂದರೆಗಳ ಆರೈಕೆಯೂ ಒಂದು. ಶಾಲೆ, ಅಂಗನವಾಡಿ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕಿವಿ ಸೋರುವುದು, ಕೇಳಿಸದಿರುವುದು ಎರಡೂ ಇವೆ. ಅಂದರೆ ನಾವು ಹೊಸದೇನನ್ನೂ ಕೇಳುತ್ತಿಲ್ಲ. ಕಾಗದದಲ್ಲಿ ಇರುವುದನ್ನು ಕೇಳುತ್ತಿದ್ದೇವೆ.

ಬಿ.ಪಿ., ಶುಗರ್ ನೋಡುವ ದಿನವೇ ಅರವತ್ತು ದಾಟಿದವರ ಕಿವಿಯನ್ನೂ ಒಮ್ಮೆ ನೋಡಲಿ. ಆ ಟಾರ್ಚಿನಂಥ ಉಪಕರಣ ಪ್ರತಿ ಕೇಂದ್ರದಲ್ಲೂ ಇರಲಿ, ಅದನ್ನು ಹಿಡಿಯುವ ತರಬೇತಿ ಅಲ್ಲಿನ ಸಿಬ್ಬಂದಿಗೆ ಸಿಗಲಿ, ಗುಗ್ಗೆ ಕರಗಿಸುವ ಡ್ರಾಪ್ಸ್ ಉಚಿತ ಔಷಧಿಗಳ ಜೊತೆ ಇರಲಿ. ಕಿವಿ ಡಾಕ್ಟರು ಯಾವ ವಾರ ಬರುತ್ತಾರೆ ಎಂದು ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ಬರೆದು ಹಾಕಲಿ. ಒಂದು ದಿನದ ಕೂಲಿ ಉಳಿದರೂ ದೊಡ್ಡದೇ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಮಕ್ಕಳಲ್ಲಿ ಕಾಣುವ ಶ್ರವಣ ದೋಷದಲ್ಲಿ ಸುಮಾರು ಶೇ 60ರಷ್ಟು ತಡೆಯಬಹುದಾದ ಕಾರಣಗಳಿಂದ ಬರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗುಗ್ಗೆ ಅದರಲ್ಲಿ ಒಂದು ಸಣ್ಣ ಪಾಲು ಇರಬಹುದು. ಆದರೆ ಹಿಂದಿನ ಬೆಂಚಿನಲ್ಲಿ ಕೂತು, ಮೇಷ್ಟ್ರು ಕೇಳಿದ್ದಕ್ಕೆ ಮಿಕಿಮಿಕಿ ನೋಡಿ ಏಟು ತಿನ್ನುವ ಹುಡುಗನ ಕಿವಿಯೊಳಗೆ ಯಾರಾದರೂ ನೋಡಿದ್ದಾರಾ? ದಡ್ಡ ಅಂತ ಬರೆಯುವ ಮೊದಲು ನೋಡಬೇಕಲ್ಲವೇ?

ವಯಸ್ಸಾದ ಮೇಲೆ ಕಿವಿ ಮಂದವಾಗುವುದು ಸಹಜ, ಎಲ್ಲ ಕಿವುಡೂ ಗುಗ್ಗೆಯಿಂದಲ್ಲ. ನಮ್ಮಪ್ಪನಿಗೂ ಈಗ ಪಿಸುಮಾತು ಕೇಳಿಸುವುದಿಲ್ಲ. ಆದರೆ ಹಿಯರಿಂಗ್ ಮಿಷನ್ನಿಗೆ ದುಡ್ಡು ಹೊಂದಿಸುವ ಮೊದಲು, 'ಅವರಿಗೆ ಹೇಳಿ ಪ್ರಯೋಜನ ಇಲ್ಲ ಬಿಡು' ಎಂದು ಮನೆಯ ಮಾತುಕತೆಯಿಂದ ಹೊರಗೆ ಇಡುವ ಮೊದಲು, ಕಿವಿಯೊಳಗೆ ಒಮ್ಮೆ ನೋಡಿಸಿ. ಈ ಬರಹ ಓದಿದವರು ತಮ್ಮ ಮನೆಯ ಅಜ್ಜ, ಅಜ್ಜಿ, ಅತ್ತೆ, ಮಾವಂದಿರಲ್ಲಿ ಒಬ್ಬರನ್ನಾದರೂ ಕರೆದುಕೊಂಡು ಹೋದರೆ ನನಗೆ ಅಷ್ಟೇ ಸಾಕು.

ಅಪ್ಪ ಈಗ ಮತ್ತೆ ಅರಳಿಕಟ್ಟೆಗೆ ಹೋಗುತ್ತಾರೆ. ಬೆಂಕಿಪೊಟ್ಟಣವನ್ನು ಅಮ್ಮ ಅಡುಗೆಮನೆಯ ಮೇಲಿನ ಹಲಗೆಗೆ ಏರಿಸಿದ್ದಾಳೆ. ಟಿವಿ ಸೌಂಡು ಜಾಸ್ತಿಯಾಯಿತು ಅಂತ ಬೈಯುವುದು ಈಗ ಅಪ್ಪನ ಸರದಿ.