ಒಂದೇ ಪೆಟ್ಟಿಗೆ, ಎರಡು ಮಂದೆ

“ತಾತ, ನಮ್ಮ ಶಾಲೆಯ ಆಫೀಸಿಗೂ ಕಂಪ್ಯೂಟರ್ ಲ್ಯಾಬಿಗೂ ಒಂದೇ ಸ್ವಿಚ್ಚು. ಲ್ಯಾಬಿನಲ್ಲಿ ಯಾರಾದರೂ ವೈರಸ್ ಇರುವ ಪೆನ್‌ಡ್ರೈವ್ ಹಾಕಿದರೆ ಆಫೀಸಿನಲ್ಲಿರುವ ನಮ್ಮ ಅಂಕಪಟ್ಟಿಗೂ ಅಪಾಯವೇ?” ಎಂದು ಉಮ್ಮತ್ತೂರಿನ ಏಳನೇ ತರಗತಿಯ ಹುಡುಗಿ ಕೇಳಿದ್ದಾಳೆ.

ಹೌದು ಮಗೂ, ಅಪಾಯವೇ.

ಅಜ್ಜಿಯರೇ, ಇದು ದೀಪದ ಸ್ವಿಚ್ಚಲ್ಲ. ಸಾಲಾಗಿ ತೂತುಗಳಿರುವ ಪೆಟ್ಟಿಗೆ. ಒಂದೊಂದು ತೂತಿಗೂ ಪೋರ್ಟ್ ಎಂದು ಹೆಸರು. ಒಂದೊಂದಕ್ಕೂ ಒಂದು ಕಂಪ್ಯೂಟರಿನ ತಂತಿ. ಒಂದು ಕಂಪ್ಯೂಟರ್ ಇನ್ನೊಂದನ್ನು ಹುಡುಕುವಾಗ “ಈ ವಿಳಾಸ ಯಾರದು?” ಎಂದು ಕೂಗುತ್ತದೆ. ಕೂಗು ಎಲ್ಲರಿಗೂ ಕೇಳುತ್ತದೆ. ಕಳ್ಳನೂ ಹಾಗೆಯೇ ಕೂಗಿ ಮನೆ ಹುಡುಕಬಹುದು.

ಒಂದೇ ಪೆಟ್ಟಿಗೆಯನ್ನು ಎರಡಾಗಿಸುವ ಉಪಾಯವೇ ವಿ-ಲ್ಯಾನ್. ಎರಡು ಮನೆಯ ಕುರಿಗಳು ಒಂದೇ ದಾರಿಯಲ್ಲಿ ಬಂದರೂ ಬೆನ್ನಿನ ಬಣ್ಣ ನೋಡಿ ಬೇರೆ ಬೇರೆ ದೊಡ್ಡಿಗೆ ಬಿಡುವುದಿಲ್ಲವೇ? ಹಾಗೆಯೇ ಇಲ್ಲಿ ಬಣ್ಣದ ಬದಲು ಸಂಖ್ಯೆ. 1998ರಲ್ಲಿ ಬಂದ 802.1ಕ್ಯೂ ಎಂಬ ನಿಯಮ ಇದಕ್ಕೆ 12 ಬಿಟ್ ಜಾಗ ಕೊಟ್ಟಿದೆ. ಮಕ್ಕಳೇ, 2ನ್ನು 12 ಸಲ ಇಟ್ಟು ಗುಣಿಸಿ: 4096. ಎರಡು ಸಂಖ್ಯೆ ಮೀಸಲು. ಉಳಿದ 4094 ನಮ್ಮ ಬಳಕೆಗೆ.

ಮಾಡುವುದು ಹೀಗೆ. ಮೊದಲು ಸ್ವಿಚ್ಚು ‘ಮ್ಯಾನೇಜ್ಡ್’ ಬಗೆಯದೇ ನೋಡಿ. ಅಗ್ಗದ ಸಾದಾ ಪೆಟ್ಟಿಗೆಯಲ್ಲಿ ಇದಾಗದು. ಅದರ ಪುಟ ತೆರೆದು 10 ಎಂದರೆ ಆಫೀಸು, 20 ಎಂದರೆ ಲ್ಯಾಬು ಎಂದು ಬರೆಯಿರಿ. ಪೋರ್ಟ್ 1ರಿಂದ 4 ಹತ್ತಕ್ಕೆ, 5ರಿಂದ 23 ಇಪ್ಪತ್ತಕ್ಕೆ. ರೂಟರಿಗೆ ಹೋಗುವ 24ರಲ್ಲಿ ಎರಡೂ ಮಂದೆ ಗುರುತಿನೊಂದಿಗೆ ಸಾಗಲಿ; ಇದನ್ನು ‘ಟ್ರಂಕ್’ ಎನ್ನುತ್ತಾರೆ. ರೂಟರಿಗೂ ಆ ಗುರುತು ತಿಳಿಯಬೇಕು. ಎರಡಕ್ಕೂ ಬೇರೆ ಬೇರೆ ವಿಳಾಸದ ಸಾಲು ಕೊಟ್ಟು, “20ರಿಂದ 10ಕ್ಕೆ ಬಿಡಬೇಡ” ಎಂದು ಅಲ್ಲಿ ಕಟ್ಟಳೆ ಹಾಕಿ. ಇಲ್ಲದಿದ್ದರೆ ಸ್ವಿಚ್ಚು ಬೇರ್ಪಡಿಸಿದ್ದನ್ನು ರೂಟರೇ ಕೂಡಿಸಿಬಿಡುತ್ತದೆ!

ಕೊನೆಗೆ ‘ಸೇವ್’ ಒತ್ತಿ. ಎಷ್ಟೋ ಸ್ವಿಚ್ಚುಗಳಲ್ಲಿ ಇದನ್ನು ಮರೆತರೆ ಕರೆಂಟು ಹೋಗಿ ಬಂದೊಡನೆ ಎಲ್ಲ ಮೊದಲಿನಂತೆ. ಆಮೇಲೆ ಲ್ಯಾಬಿನಿಂದ ಆಫೀಸಿನ ಕಂಪ್ಯೂಟರನ್ನು ‘ಪಿಂಗ್’ ಮಾಡಿ ನೋಡಿ. ಉತ್ತರ ಬಾರದಿರಬೇಕು. ಇವೆಲ್ಲ ಮೇಷ್ಟ್ರು ಜೊತೆಗಿದ್ದಾಗಲೇ.

ಉಮ್ಮತ್ತೂರು ಕೃಷ್ಣದೇವರಾಯನನ್ನೇ ಎದುರಿಸಿದ ಪಾಳೆಯಗಾರರ ಊರು. ಅವರೂ ಕೊನೆಗೆ ಸೋತರು. ಈ ಗೋಡೆಯೂ ತಂತಿಯ ದಾರಿಗೆ ಮಾತ್ರ. ಅದೇ ಪೆನ್‌ಡ್ರೈವನ್ನು ಕೈಯಲ್ಲಿ ಹಿಡಿದು ಆಫೀಸಿಗೆ ಹೋದರೆ ತಡೆಯದು. ಆದ್ದರಿಂದ ಅಂಕಪಟ್ಟಿಯ ಇನ್ನೊಂದು ಪ್ರತಿ ಬೀರುವಿನಲ್ಲಿ ಭದ್ರವಾಗಿರಲಿ.