ದಿಗ್ವ್ರತವೂ ನಡುರಾತ್ರಿಯ ಸೂರ್ಯನೂ

ಮುನಿಸಂಘವು ಊರಿಂದೂರಿಗೆ ಬರಿಗಾಲಿನಲ್ಲಿ ನಡೆದು ಹೋಗುವುದಕ್ಕೆ ಜೈನರಲ್ಲಿ ವಿಹಾರವೆಂದು ಹೆಸರು. ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿಕೊಂಡು, ಹಗಲಿನಲ್ಲಿ ಮಾತ್ರ, ಕಾರಣವಿದ್ದಾಗ ಮಾತ್ರ ನಡೆಯುತ್ತಾರೆ. ಅದೇ ಪದ ಇಂದು ಶ್ರಾವಕರ ಮನೆಗಳಲ್ಲಿ ತದ್ವಿರುದ್ಧವಾದ ಅರ್ಥವನ್ನು ಪಡೆದುಕೊಂಡಿದೆ. ನೆಲವನ್ನೇ ನೋಡದೆ, ಹಗಲಿರುಳೆನ್ನದೆ, ಕಾರಣವೇ ಇಲ್ಲದೆ ಸಾವಿರಾರು ಮೈಲಿ ಹಾರಿಹೋಗುವುದಕ್ಕೂ ವಿಹಾರವೆಂದೇ ಹೆಸರು.

ಬೈಂದೂರಿನ ಮಗ್ಗುಲಲ್ಲಿರುವ ಯಡ್ತರೆಯಂತಹ ಊರಿಗೆ ಸೇರಿದ ಒಂದು ಕುಟುಂಬವನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಹಿರಿಯರು ಊರಿನಲ್ಲಿದ್ದಾರೆ, ಮಗ ಬೆಂಗಳೂರಿನಲ್ಲಿ, ಮಗಳು ಮುಂಬಯಿಯಲ್ಲಿ. ಹಿಂದೆ ಬೇಸಗೆಯ ರಜೆ ಬಂತೆಂದರೆ ಮೊಮ್ಮಕ್ಕಳು ಅಜ್ಜಿಯ ಮನೆಗೆ ಬರುವುದು ವಾಡಿಕೆಯಾಗಿತ್ತು. ಈಗ ರಜೆಗೆ ಆರು ತಿಂಗಳಿರುವಾಗಲೇ ನಾರ್ವೆಗೆ ಹೋಗುವ ಸನ್ನಾಹ ತೊಡಗುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಬೆಟ್ಟದ ದಾರಿಗಳಲ್ಲಿ ಹಿಮ ಕರಗಿರುವುದಿಲ್ಲ. ಮೇ ಕೊನೆಗೆ ಹೋದರೆ ನಡುರಾತ್ರಿಯ ಸೂರ್ಯನೂ ಕಾಣಸಿಗುತ್ತಾನೆ. ವೀಸಾ, ವಿಮಾನ, ಹಡಗು, ಉಣ್ಣೆಯ ಉಡುಪು ಎಲ್ಲವೂ ಚರ್ಚೆಗೆ ಬರುತ್ತವೆ. ಧರ್ಮದ ಮಾತು ಬರುವುದು ಒಂದೇ ಒಂದು ಬಾರಿ: ಅಲ್ಲಿ ಜೈನ ಊಟ ಸಿಗುತ್ತದೆಯೇ? ಪ್ರವಾಸ ಸಂಸ್ಥೆಯವರು ತಮ್ಮೊಡನೆ ಅಡುಗೆಯವರನ್ನೇ ಕರೆದೊಯ್ಯುತ್ತಾರೆ, ಈರುಳ್ಳಿ ಬೆಳ್ಳುಳ್ಳಿ ಆಲೂಗಡ್ಡೆಯ ಸೋಂಕಿಲ್ಲ ಎಂಬ ಉತ್ತರ ದೊರೆತೊಡನೆ ಎಲ್ಲರ ಮನಸ್ಸೂ ನಿರಾಳವಾಗುತ್ತದೆ.

ಈ ನಿರಾಳತೆಯೇ ಇಂದಿನ ಶ್ರಾವಕಧರ್ಮಕ್ಕೆ ತಗುಲಿದ ರೋಗ. ಹನ್ನೆರಡು ವ್ರತಗಳ ಧರ್ಮವನ್ನು ಒಂದು ಊಟದ ತಟ್ಟೆಗೆ ಇಳಿಸಿ, ತಟ್ಟೆ ಶುದ್ಧವಾಗಿದ್ದರೆ ಉಳಿದುದೆಲ್ಲವೂ ಶುದ್ಧವೆಂದು ತಿಳಿಯುವ ಅಭ್ಯಾಸ ಬೇರೂರಿದೆ. ಐದು ಅಣುವ್ರತಗಳ ಬೆನ್ನಿಗೇ ಆಚಾರ್ಯರು ದಿಗ್ವ್ರತವನ್ನು ಇಟ್ಟಿದ್ದಾರೆಂಬುದನ್ನು ಪ್ರವಾಸದ ಯೋಜನೆ ಹಾಕುವ ಮನೆಗಳಲ್ಲಿ ಎಷ್ಟು ಜನ ನೆನೆಯುತ್ತಾರೆ?

ದಿಗ್ವ್ರತವೆಂದರೆ ಹತ್ತು ದಿಕ್ಕುಗಳಿಗೂ ಮೇರೆಯನ್ನು ಗೊತ್ತುಪಡಿಸಿಕೊಂಡು, ಜೀವನಪರ್ಯಂತ ಅದರಾಚೆಗೆ ಹೋಗೆನೆಂದು ಸಂಕಲ್ಪಿಸುವುದು. ಮೇರೆಯನ್ನು ಹೇಗೆ ಗುರುತಿಸಬೇಕೆಂಬುದನ್ನೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಸಮುದ್ರ, ನದಿ, ಕಾಡು, ಬೆಟ್ಟ, ನಾಡು, ಯೋಜನಗಳ ಲೆಕ್ಕ ಇವೇ ಗುರುತುಗಳು. ಯಡ್ತರೆಯ ಶ್ರಾವಕನಿಗೆ ಈ ಗುರುತುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಕೊಡಚಾದ್ರಿಯನ್ನು ಹೊತ್ತ ಸಹ್ಯಾದ್ರಿಯ ಸಾಲು, ಬಡಗಣಕ್ಕೆ ಶರಾವತಿ, ತೆಂಕಣಕ್ಕೆ ನೇತ್ರಾವತಿ. ಆಚಾರ್ಯರು ಹೇಳಿದ ಮೇರೆಗಳು ಕಣ್ಣೆದುರಿಗೇ ನಿಂತಿವೆ.

ಹಾಗಾದರೆ ಈ ಕರಾವಳಿಯ ಶ್ರಾವಕರು ಬಾವಿಯ ಕಪ್ಪೆಗಳಾಗಿ ಕುಳಿತಿರಬೇಕೇ ಎಂಬ ಪ್ರಶ್ನೆ ಏಳುವುದು ಸಹಜ. ಬಸರೂರು, ಬಾರಕೂರು, ಭಟ್ಕಳಗಳು ಬಂದರುಗಳಾಗಿದ್ದ ನಾಡಿದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಸೀಮೆಯ ಕಾಳುಮೆಣಸು ಕಡಲು ದಾಟಿ ಯುರೋಪನ್ನು ಮುಟ್ಟಿತ್ತು. ದಿಗ್ವ್ರತವು ವ್ಯಾಪಾರವನ್ನಾಗಲಿ ವಿದ್ಯೆಯನ್ನಾಗಲಿ ನಿಷೇಧಿಸುವುದಿಲ್ಲ. ಮೇರೆ ಇಷ್ಟೇ ಯೋಜನಗಳಿರಬೇಕೆಂದು ವಿಧಿಸುವುದೂ ಇಲ್ಲ. ಅದು ಕೇಳುವುದು ಒಂದನ್ನೇ: ಆಸೆ ಹುಟ್ಟುವುದಕ್ಕೆ ಮೊದಲು ಮೇರೆ ಹುಟ್ಟಬೇಕು. ತನ್ನ ಜೀವನಕ್ಕೆ ಇಷ್ಟು ಕ್ಷೇತ್ರ ಸಾಕೆಂದು ಮೊದಲೇ ನಿಶ್ಚಯಿಸಿಕೊಂಡವನಿಗೆ ಆ ಕ್ಷೇತ್ರದೊಳಗೆ ಸಂಚರಿಸುವ ಸ್ವಾತಂತ್ರ್ಯವಿದೆ. ಬಣ್ಣಬಣ್ಣದ ಚಿತ್ರಗಳನ್ನು ನೋಡಿದ ಮೇಲೆ ಮೇರೆಯನ್ನು ಉತ್ತರ ಧ್ರುವದತ್ತ ಸರಿಸಿಕೊಳ್ಳುವವನಿಗೆ ವ್ರತವೇ ಇಲ್ಲ.

ಆಚಾರ್ಯರಿಗೆ ಮನುಷ್ಯಸ್ವಭಾವ ಚೆನ್ನಾಗಿ ತಿಳಿದಿತ್ತು. ಆದುದರಿಂದಲೇ ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದರು. ಮೇಲಕ್ಕೆ, ಕೆಳಕ್ಕೆ, ಅಡ್ಡಲಾಗಿ ಮೇರೆ ಮೀರುವುದು ಮೂರು. ಒಂದು ದಿಕ್ಕಿನಲ್ಲಿ ಕಡಿಮೆ ಮಾಡಿ ಮತ್ತೊಂದು ದಿಕ್ಕಿಗೆ ಸೇರಿಸಿಕೊಳ್ಳುವ ಕ್ಷೇತ್ರವೃದ್ಧಿ ನಾಲ್ಕನೆಯದು. ಗೊತ್ತುಪಡಿಸಿಕೊಂಡ ಮೇರೆಯನ್ನೇ ಮರೆತುಬಿಡುವುದು ಐದನೆಯದು. ಕಳೆದೆರಡು ವರ್ಷ ಎಲ್ಲಿಗೂ ಹೋಗಿಲ್ಲ, ಅದಕ್ಕೆ ಈ ವರ್ಷ ದೂರ ಹೋಗೋಣ ಎಂಬ ಮಾತು ಕ್ಷೇತ್ರವೃದ್ಧಿಯ ಸಹೋದರನಲ್ಲವೇ? ಇನ್ನು ವಿಸ್ಮೃತಿಯ ವಿಷಯದಲ್ಲಿ ಹೇಳುವುದೇನಿದೆ? ವ್ರತವನ್ನು ತೆಗೆದುಕೊಂಡು ಮರೆಯುವುದು ಅತಿಚಾರ. ಅಂತಹ ವ್ರತವೊಂದಿದೆ ಎಂಬುದನ್ನೇ ಇಡೀ ಸಮಾಜ ಮರೆಯುವುದಕ್ಕೆ ಯಾವ ಹೆಸರು?

ದಿಗ್ವ್ರತದ ಜೊತೆಗೆ ನಿಲ್ಲುವುದು ಅನರ್ಥದಂಡವಿರತಿ. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದೇ ಅದು. ಅದರ ಪ್ರಮಾದಚರ್ಯೆಯ ಭಾಗದಲ್ಲಿ ಸಮಂತಭದ್ರರು ನೆಲ, ನೀರು, ಬೆಂಕಿ, ಗಾಳಿಗಳನ್ನು ವ್ಯರ್ಥವಾಗಿ ಕದಡುವುದನ್ನೂ ಸಸ್ಯಗಳನ್ನು ಸುಮ್ಮನೆ ಕತ್ತರಿಸುವುದನ್ನೂ ಹೇಳಿ, ಅವುಗಳ ಸಾಲಿನಲ್ಲೇ ನಿಷ್ಕಾರಣವಾಗಿ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಸೇರಿಸಿದ್ದಾರೆ. ಬೆಂಗಳೂರಿನಿಂದ ನಾರ್ವೆಯ ರಾಜಧಾನಿ ಓಸ್ಲೋಗೆ ನೇರ ಗೆರೆ ಎಳೆದರೂ ಸುಮಾರು 7,500 ಕಿಲೋಮೀಟರು. ಹೋಗಿ ಬರಲು 15,000. ಇಂದಿನ ಉತ್ತಮ ವಿಮಾನಗಳೂ ಒಬ್ಬ ಪ್ರಯಾಣಿಕನನ್ನು ನೂರು ಕಿಲೋಮೀಟರು ಒಯ್ಯಲು ಸುಮಾರು 3 ಲೀಟರು ಇಂಧನ ಸುಡುತ್ತವೆ. ತಲೆಗೆ 450 ಲೀಟರು. ನಾಲ್ವರ ಕುಟುಂಬಕ್ಕೆ 1,800 ಲೀಟರು. ಬಸದಿಯಲ್ಲಿ ದೀಪ ಹಚ್ಚುವಾಗ ಪತಂಗ ಬಿದ್ದೀತೆಂದು ಗಾಜಿನ ಮರೆ ಇಡುವ ಕೈಗಳೇ ಇಷ್ಟು ಅಗ್ನಿಯನ್ನು ಹತ್ತು ದಿನಗಳ ನೋಟಕ್ಕಾಗಿ ಉರಿಸುತ್ತವೆ. ಅಗ್ನಿಕಾಯ, ವಾಯುಕಾಯ ಜೀವಗಳೆಂದು ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸಿದ್ದು ಪರೀಕ್ಷೆಗೆ ಮಾತ್ರವೇ?

ಊಟದ ಪ್ರಶ್ನೆಗೇ ಬಂದರೂ ತಟ್ಟೆ ಶುದ್ಧವೆಂಬ ಸಮಾಧಾನ ಉಳಿಯುವುದಿಲ್ಲ. ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಯಡ್ತರೆಯಲ್ಲಿ ಅತಿ ದೀರ್ಘವಾದ ಹಗಲು ಹದಿಮೂರು ಗಂಟೆಯನ್ನು ಮೀರುವುದಿಲ್ಲ, ಅತಿ ಕಿರಿದಾದುದು ಹನ್ನೊಂದಕ್ಕಿಂತ ಕಡಿಮೆಯಾಗುವುದಿಲ್ಲ. ಇಂತಹ ಆಕಾಶದ ಕೆಳಗೆ ರಾತ್ರಿಭೋಜನತ್ಯಾಗವು ದೇಹಕ್ಕೂ ಮನಸ್ಸಿಗೂ ಒಗ್ಗಿದ ನಿಯಮ. ಉತ್ತರ ನಾರ್ವೆಯ ಟ್ರೋಮ್ಸೋ ನಗರದಲ್ಲಾದರೋ ಸುಮಾರು ಮೇ 20ರಿಂದ ಜುಲೈ 22ರವರೆಗೆ ಸೂರ್ಯ ಮುಳುಗುವುದೇ ಇಲ್ಲ. ಸೂರ್ಯ ಮುಳುಗದ ಮೇಲೆ ರಾತ್ರಿಯೆಲ್ಲಿ, ರಾತ್ರಿಯಿಲ್ಲದ ಮೇಲೆ ರಾತ್ರಿಭೋಜನವೆಲ್ಲಿ ಎಂದು ಹನ್ನೊಂದು ಗಂಟೆಗೆ ಎಲೆ ಹಾಕಿ ಕುಳಿತುಕೊಳ್ಳಲು ಯಾವ ಅಡ್ಡಿಯೂ ಇಲ್ಲವೆಂದು ವಾದಿಸುವ ಚತುರರುಂಟು. ಅವರ ತರ್ಕವನ್ನು ಅವರಿಗೇ ಹಿಂತಿರುಗಿಸಬೇಕು. ಅದೇ ಟ್ರೋಮ್ಸೋದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಸೂರ್ಯನ ಲೆಕ್ಕವೇ ಲೆಕ್ಕವೆನ್ನುವವರು ಆ ಏಳು ವಾರ ಉಪವಾಸ ಮಾಡುವರೇ? ಬೇಸಗೆಯಲ್ಲಿ ಅಕ್ಷರವನ್ನು ಹಿಡಿದು ಚಳಿಗಾಲದಲ್ಲಿ ಭಾವವನ್ನು ಹಿಡಿಯುವುದು ಧರ್ಮವಲ್ಲ, ವಕೀಲಿಕೆ. ಸಣ್ಣ ಜೀವಗಳು ಕಾಣುವ ಬೆಳಕಿನಲ್ಲಿ ಉಣ್ಣಬೇಕೆಂಬುದು ಈ ನಿಯಮದ ಒಂದು ಮುಖವಾದರೆ, ದಿನದ ಒಂದು ಭಾಗವನ್ನು ಭೋಗದಿಂದ ಬಿಡಿಸಿ ಇಡಬೇಕೆಂಬುದು ಇನ್ನೊಂದು ಮುಖ. ಉದಯದ ಅನಂತರ ಎರಡು ಘಳಿಗೆ, ಅಸ್ತಕ್ಕೆ ಮುಂಚೆ ಎರಡು ಘಳಿಗೆ, ಅಂದರೆ ನಾಲ್ವತ್ತೆಂಟು ನಿಮಿಷಗಳಷ್ಟು ಕಾಲವನ್ನೂ ಬಿಟ್ಟು ಉಂಡ ಹಿರಿಯರು ಸೂರ್ಯನಿಗೆ ಹೆದರಿ ಹಾಗೆ ಮಾಡಿದವರಲ್ಲ. ಅಸ್ತಮಾನ ಆಕಾಶದಲ್ಲಿ ಆಗದಿದ್ದರೂ ನಾಲಗೆಯಲ್ಲಿ ಆಗಬೇಕು.

ಮತ್ತೊಂದು ವಿಷಯವನ್ನೂ ಗಮನಿಸಬೇಕು. ತಿಮಿಂಗಿಲಗಳ ವಾಣಿಜ್ಯ ಬೇಟೆಗೆ ಅಂತಾರಾಷ್ಟ್ರೀಯ ಆಯೋಗವು 1986ರಿಂದ ತಡೆ ಹಾಕಿದ್ದರೂ ನಾರ್ವೆ ಅದಕ್ಕೆ ಆಕ್ಷೇಪ ಸಲ್ಲಿಸಿ 1993ರಿಂದ ಬೇಟೆಯನ್ನು ಮತ್ತೆ ಆರಂಭಿಸಿದ ದೇಶ. ಬರ್ಗೆನ್ ನಗರದ ಮೀನು ಮಾರುಕಟ್ಟೆ ಅಲ್ಲಿಯ ಪ್ರೇಕ್ಷಣೀಯ ಸ್ಥಳಗಳಲ್ಲಿ ಒಂದು. ಗಂಗೊಳ್ಳಿಯ ಬಂದರಿನ ದಾರಿಯಲ್ಲಿ ಕಾರಿನ ಗಾಜು ಏರಿಸಿ ಮೂಗಿಗೆ ಕರವಸ್ತ್ರ ಹಿಡಿಯುವವರೇ ಅಲ್ಲಿ ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಹೊಟ್ಟೆಪಾಡಿಗಾಗಿ ಕಡಲಿಗಿಳಿಯುವ ನೆರೆಯ ಮೀನುಗಾರನಿಗೆ ತಿರಸ್ಕಾರ, ದೂರದೇಶದ ಅದೇ ವೃತ್ತಿಗೆ ಮೆಚ್ಚುಗೆ! ಇದು ಅಹಿಂಸೆಯಲ್ಲ, ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಗೆ ಒಂದು ನಿದರ್ಶನ, ಅಷ್ಟೆ.

ತೀರ್ಥಯಾತ್ರೆಗೂ ರೈಲು ವಿಮಾನಗಳು ಬೇಕಲ್ಲವೇ, ಸಮ್ಮೇದ ಶಿಖರಜಿಯೇನು ಹತ್ತಿರದಲ್ಲಿದೆಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ದೂರದ್ದಲ್ಲ, ಅರ್ಥದ್ದು. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಗೆ ಹೋಗುವವನು ಕಷಾಯಗಳನ್ನು ಕಡಿಮೆ ಮಾಡಿಕೊಳ್ಳಲು ಹೋಗುತ್ತಾನೆ. ಆ ಉದ್ದೇಶವಿಲ್ಲದೆ ಹೋದರೆ ಶಿಖರಜಿಯ ಪ್ರಯಾಣವೂ ಅನರ್ಥವೇ. ಇದನ್ನು ಸಮಾಜವೇ ದೇಶಕ್ಕೆ ಸಾರಿ ಹೇಳಿದೆ. ಶಿಖರಜಿಯನ್ನು ಪ್ರವಾಸೋದ್ಯಮಕ್ಕೆ ತೆರೆಯಬಾರದೆಂದು 2022ರ ಕೊನೆಯಲ್ಲಿ ಜೈನರು ದೇಶದ ಹಲವೆಡೆ ಬೀದಿಗಿಳಿದರು. 2023ರ ಜನವರಿಯಲ್ಲಿ ಕೇಂದ್ರ ಸರಕಾರ ಅಲ್ಲಿಯ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ತನ್ನ ಗಿರಿಯ ಮೌನವನ್ನು ಕಾಪಾಡಲು ಹೋರಾಡಿದ ಸಮಾಜಕ್ಕೆ ಇತರರ ಗಿರಿಗಳ ಮೌನವೂ ಅರ್ಥವಾಗಬೇಕು. ಮೇ ತಿಂಗಳು ಉತ್ತರ ನಾರ್ವೆಯಲ್ಲಿ ಹಿಮಸಾರಂಗಗಳು ಮರಿಹಾಕುವ ಕಾಲ. ಆ ಹಿಂಡುಗಳನ್ನೇ ನೆಚ್ಚಿ ಬದುಕುವ ಸಾಮಿ ಜನರಿಗೆ ಆ ನೆಲ ವಿಹಾರತಾಣವಲ್ಲ, ಮನೆ.

ಮಕ್ಕಳು ನಿಸರ್ಗದ ಭವ್ಯತೆಯನ್ನು ಕಾಣಬೇಡವೇ ಎಂಬುದು ಕೊನೆಯ ಆಕ್ಷೇಪ. ಅವಶ್ಯವಾಗಿ ಕಾಣಲಿ. ಆದರೆ ಆ ನಾಡಿನವರು ತಮ್ಮ ನಿಸರ್ಗವನ್ನು ಹೇಗೆ ಕಾಣುತ್ತಾರೆಂಬುದನ್ನು ವಿಚಾರಿಸಿದವರುಂಟೇ? ಬೇಸಗೆ ಬಂದಾಗ ನಾರ್ವೆಯ ಅನೇಕ ಕುಟುಂಬಗಳು ಬೆಟ್ಟದಲ್ಲೋ ಕಡಲಂಚಿನಲ್ಲೋ ಇರುವ ಸರಳವಾದ ಮರದ ಮನೆಗಳಿಗೆ ಹೋಗಿ, ನಡೆದಾಡಿ, ಕಾಡಿನ ಹಣ್ಣು ಆಯ್ದು ದಿನ ಕಳೆಯುತ್ತವೆ. ಪಾಳು ನೆಲದಲ್ಲಿ, ಕಾಡಿನಲ್ಲಿ ಯಾರು ಬೇಕಾದರೂ ನಡೆದಾಡಬಹುದು, ಆದರೆ ಹಾನಿ ಮಾಡಕೂಡದು ಎಂಬ ಹಳೆಯ ಪದ್ಧತಿಗೆ 1957ರಲ್ಲಿ ಅಲ್ಲಿ ಕಾನೂನಿನ ರೂಪವೇ ಬಂದಿದೆ. ವಿಶ್ವಪರಂಪರೆಯ ಪಟ್ಟಿಗೆ 2005ರಲ್ಲಿ ಸೇರಿದ ಅಲ್ಲಿಯ ಕಡಲ ಕಣಿವೆಗಳಲ್ಲಿ ಹೊಗೆಯುಗುಳುವ ಪ್ರವಾಸಿ ಹಡಗುಗಳಿಗೆ ಮಿತಿ ಹಾಕಬೇಕೆಂದು 2018ರಲ್ಲಿ ಆ ದೇಶದ ಸಂಸತ್ತೇ ನಿರ್ಧರಿಸಿತು. ಅಂದರೆ ಜಿನನ ಹೆಸರನ್ನೂ ಕೇಳದ ಆ ಜನ ತಮ್ಮ ನೀರಿಗೆ ಮೇರೆ ಹಾಕಿಕೊಳ್ಳುತ್ತಿದ್ದಾರೆ. ಮೇರೆಯನ್ನೇ ವ್ರತವಾಗಿ ಪಡೆದವರು ಅದನ್ನು ಮೀರಿ ಅಲ್ಲಿಗೆ ಹೋಗುತ್ತಿದ್ದಾರೆ. ನಾರ್ವೆಯಿಂದ ಕಲಿಯಬೇಕಾದುದನ್ನು ಕಲಿಯಲು ನಾರ್ವೆಗೆ ಹೋಗಬೇಕಾಗಿಲ್ಲ.

ಯಡ್ತರೆಯಿಂದ ಬಡಗಣಕ್ಕೆ ಸಾಗಿದರೆ ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಅದರಾಚೆಗೆ ಸಂಗೀತಪುರವೆಂದು ಹೆಸರಾದ ಹಾಡುವಳ್ಳಿ, ಶರಾವತಿಯ ದಡದ ಗೇರುಸೊಪ್ಪೆಯಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ. ತೆಂಕಣಕ್ಕೆ ಸಾಗಿದರೆ ಹಟ್ಟಿಯಂಗಡಿ, ಬಾರಕೂರಿನ ಕತ್ತಲೆ ಬಸದಿಯ ಅವಶೇಷಗಳು, ದೋಣಿಯಲ್ಲಿ ಹೋಗಿ ದರ್ಶನ ಪಡೆಯಬೇಕಾದ ವರಂಗದ ಕೆರೆ ಬಸದಿ, 1432ರಲ್ಲಿ ನಿಂತ ಕಾರ್ಕಳದ ಬಾಹುಬಲಿ. ಸುತ್ತಲೂ ಹಸುರು ಬೆಟ್ಟ, ನಡುವೆ ನೀರು, ನೀರಿನ ನಡುವೆ ಜಿನಬಿಂಬ ಇರುವ ವರಂಗವನ್ನು ನೋಡದ ಜೈನ ಬಾಲಕನಿಗೆ ಯಾವ ಕಡಲ ಕಣಿವೆಯನ್ನು ತೋರಿಸಿ ಏನು ಫಲ?

ಇಲ್ಲಿ ತಪ್ಪು ಕುಟುಂಬಗಳದ್ದು ಮಾತ್ರವಲ್ಲ, ಬಸದಿಗಳ ಆಡಳಿತ ನಡೆಸುವ ಟ್ರಸ್ಟುಗಳದ್ದೂ ಹೌದು. ಬೇಸಗೆಯ ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಬೀಗ ಹಾಕಿದ ಬಾಗಿಲು ಎದುರಾದರೆ, ಇಂದ್ರರನ್ನು ಹುಡುಕಿಕೊಂಡು ಮನೆಮನೆ ಅಲೆಯಬೇಕಾದರೆ, ತಂಗಲು ಕೋಣೆಯಿಲ್ಲದೆ ಹಗಲಿರುವಾಗಲೇ ಶುದ್ಧ ಊಟ ಸಿಗದೆ ಹೋದರೆ, ಅವರು ಮುಂದಿನ ವರ್ಷ ವಿಮಾನ ಏರುವುದರಲ್ಲಿ ಆಶ್ಚರ್ಯವಿಲ್ಲ. ಪಂಚಕಲ್ಯಾಣಕ್ಕೆ, ಶಾಮಿಯಾನಕ್ಕೆ, ಧ್ವನಿವರ್ಧಕಕ್ಕೆ ದೊರೆಯುವ ದಾನದ ಒಂದಂಶವನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿ ಬಸದಿಯ ಬಾಗಿಲು ದಿನವಿಡೀ ತೆರೆದಿರುವಂತೆ ಮಾಡಲು, ಇಂದ್ರರಿಗೆ ಗೌರವಯುತ ಸಂಭಾವನೆ ನೀಡಲು, ಮಕ್ಕಳಿಗೆ ಶಾಸನ ಶಿಲ್ಪಗಳ ಪರಿಚಯ ಮಾಡಿಕೊಡಲು ವಿನಿಯೋಗಿಸಬೇಕು. ಹಾಡುವಳ್ಳಿಯಿಂದ ವರಂಗದವರೆಗಿನ ಟ್ರಸ್ಟುಗಳು ಕೂಡಿ ಒಂದು ವಾರದ ಯಾತ್ರಾಕ್ರಮವನ್ನು ಗೊತ್ತುಮಾಡಿದರೆ ಅದಕ್ಕೆ ತಗಲುವ ವೆಚ್ಚ ಒಂದೇ ಕುಟುಂಬದ ಉತ್ತರದೇಶ ಪ್ರವಾಸದ ವೆಚ್ಚವನ್ನು ಬಹಳವೇನೂ ಮೀರಲಾರದು.

ಕುಟುಂಬಗಳು ಮಾಡಬೇಕಾದುದು ಇನ್ನೂ ಸುಲಭ. ಜೀವನಪರ್ಯಂತದ ದಿಗ್ವ್ರತ ಕಷ್ಟವೆನಿಸಿದರೆ ನಿಯತ ಕಾಲಕ್ಕೆ ತೆಗೆದುಕೊಳ್ಳುವ ದೇಶವ್ರತವುಂಟು. ಅಕ್ಷಯ ತೃತೀಯೆ ಬರುವುದು ಈ ಬೇಸಗೆಯಲ್ಲೇ. ಒಂದು ವರ್ಷಕ್ಕೂ ಮಿಗಿಲಾದ ಉಪವಾಸದ ಅನಂತರ ಆದಿನಾಥಸ್ವಾಮಿಗೆ ಆಹಾರದಾನವಾದ ದಿನವದು. ಆ ದಿನ ಮನೆಯವರೆಲ್ಲ ಕುಳಿತು, ಈ ರಜೆಗೆ ಇದು ಸಮುದ್ರ, ಇದು ಬೆಟ್ಟ, ಇದು ನದಿ, ಇದರಾಚೆಗಿಲ್ಲ ಎಂದು ಮಕ್ಕಳ ಕೈಯಿಂದಲೇ ಗೆರೆ ಹಾಕಿಸಲಿ. ಗೆರೆ ದೊಡ್ಡದಿರಲಿ, ಚಿಕ್ಕದಿರಲಿ. ಮೊದಲು ಗೆರೆ, ಅನಂತರ ಟಿಕೇಟು. ಗೆರೆಯ ಆಚೆಗಿನ ಪ್ರದೇಶದಲ್ಲಿ ಶ್ರಾವಕನ ಅಣುವ್ರತಗಳು ಮಹಾವ್ರತಗಳಿಗೆ ಸಮಾನವಾಗುತ್ತವೆಂದು ಸಮಂತಭದ್ರರು ತಿಳಿಸುತ್ತಾರೆ, ಏಕೆಂದರೆ ಅಲ್ಲಿ ಅವನಿಂದ ಯಾವ ಜೀವಕ್ಕೂ ನೋವಿಲ್ಲ. ಆ ಉತ್ತರದೇಶದ ಹಿಮಕ್ಕೆ, ನೀರಿಗೆ, ಹಿಮಸಾರಂಗಕ್ಕೆ ಯಡ್ತರೆಯ ಒಬ್ಬ ಶ್ರಾವಕನು ಕೊಡಬಹುದಾದ ಅಭಯದಾನವೆಂದರೆ ಇದೇ: ಹೋಗಬಲ್ಲವನಾಗಿದ್ದೂ ಹೋಗದಿರುವುದು.